ಜೀನ್ಸ್ ತೊಳೆದ ನೀರು ಮತ್ತು ನನ್ನ ಹೆಂಚಿನ ಚೂರುಗಳು

ಬಳ್ಳಾರಿಯ ಕೌಲ್ ಬಜಾರ್‌ನಲ್ಲಿ ಬೆಳೆದ ನನಗೆ ಜೀನ್ಸ್ ಎಂದರೆ ಮೊದಲು ನೆನಪಾಗುವುದು ಚಿಕ್ಕಮ್ಮನ ಬೆರಳು. ದಿನವಿಡೀ ಪ್ಯಾಂಟಿನ ಜೇಬು ಹೊಲಿದು ಸಂಜೆಯಾಗುವ ಹೊತ್ತಿಗೆ ಅವರ ಬೆರಳ ತುದಿಗಳು ನೀಲಿಯಾಗಿರುತ್ತಿದ್ದವು. ಅದೇ ನೀಲಿ, ತೊಳೆಯುವ ಘಟಕಗಳಿಂದ ಚರಂಡಿಗೂ ಹರಿಯುತ್ತಿತ್ತು. ರಸಾಯನಶಾಸ್ತ್ರದಲ್ಲಿ ಸಂಶೋಧನೆಗೆ ಸೇರಿದ ದಿನವೇ ನಿಶ್ಚಯಿಸಿದ್ದೆ: ಈ ನೀರಿನ ಕೊಳೆಯನ್ನು ನಮ್ಮೂರಿನ ಬಿಸಿಲಿನಿಂದಲೇ ಒಡೆಯಬೇಕು.

ಅದಕ್ಕೆ ಬೇಕಾದದ್ದು ವೇಗವರ್ಧಕ, ಅಂದರೆ ತಾನು ಖರ್ಚಾಗದೆ ಬೆಳಕಿನ ನೆರವಿನಿಂದ ಕೊಳೆಯನ್ನು ಒಡೆಯುವ ಪುಡಿ. ಮೊದಲು ಆರಿಸಿಕೊಂಡದ್ದು ಜಿಂಕ್ ಆಕ್ಸೈಡ್. ಅಗ್ಗ, ಮಾಡುವುದೂ ಸುಲಭ. 1988ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಕೆ.ಸಿ. ಪಾಟೀಲರು ಮತ್ತು ಅವರ ಸಹ ಸಂಶೋಧಕರು ಪ್ರಕಟಿಸಿದ ದ್ರಾವಣ ದಹನ ವಿಧಾನವನ್ನೇ ಹಿಡಿದೆ. 5 ಗ್ರಾಂ ಜಿಂಕ್ ನೈಟ್ರೇಟಿಗೆ ಸುಮಾರು 1.7 ಗ್ರಾಂ ಯೂರಿಯಾ. ಸ್ವಲ್ಪ ನೀರಿನಲ್ಲಿ ಕರಗಿಸಿ, 450 ಡಿಗ್ರಿಯ ಕುಲುಮೆಯೊಳಗೆ ಇಡಬೇಕು. ದ್ರಾವಣ ಕುದಿಯುತ್ತದೆ, ನೊರೆಯಾಗಿ ಉಬ್ಬುತ್ತದೆ, ಒಮ್ಮೆಲೇ ಹೊತ್ತಿಕೊಳ್ಳುತ್ತದೆ. ಉಳಿಯುವುದು ಹಗುರವಾದ ಬಿಳಿ ಪುಡಿ. ಯೂರಿಯಾ ಹೆಚ್ಚಾದರೆ ಇಂಗಾಲ ಉಳಿದು ಪುಡಿ ಬೂದಿಬಣ್ಣಕ್ಕೆ ತಿರುಗುತ್ತದೆ; ಆಗ ಮತ್ತೆ ಸುಡಬೇಕು, ಸುಟ್ಟಷ್ಟೂ ಕಣಗಳು ಒಂದಕ್ಕೊಂದು ಅಂಟಿ ದೊಡ್ಡದಾಗುತ್ತವೆ.

ಕಣ ಚಿಕ್ಕದಿರಬೇಕೆಂಬ ಹಟಕ್ಕೆ ಕಾರಣವಿದೆ. ಬೆಳಕು ಬಿದ್ದಾಗ ಎಲೆಕ್ಟ್ರಾನ್ ಮೇಲಿನ ಶಕ್ತಿಪಟ್ಟಿಗೆ ಜಿಗಿದು ಕೆಳಗೊಂದು ಖಾಲಿ ಜಾಗ ಬಿಡುತ್ತದೆ. ಅವೆರಡೂ ಮತ್ತೆ ಕೂಡಿಕೊಳ್ಳುವ ಮೊದಲೇ ಕಣದ ಮೇಲ್ಮೈ ಮುಟ್ಟಿದರೆ ನೀರು ಮತ್ತು ಆಮ್ಲಜನಕದಿಂದ ರ‍್ಯಾಡಿಕಲ್‌ಗಳು ಹುಟ್ಟುತ್ತವೆ. ಅವು ಸಿಕ್ಕ ಅಣುವಿನ ಮೇಲೆ ತಕ್ಷಣ ಎರಗುವ ಚುರುಕಾದ ತುಣುಕುಗಳು; ಬಣ್ಣದ ಅಣುವನ್ನು ಒಡೆಯುವುದು ಅವೇ. ಆದರೆ ಜಿಂಕ್ ಆಕ್ಸೈಡಿಗೆ ಬೇಕಾದದ್ದು ಸುಮಾರು 380 ನ್ಯಾನೊಮೀಟರಿಗಿಂತ ಕಡಿಮೆ ತರಂಗಾಂತರದ ಅತಿನೇರಳೆ ಬೆಳಕು. ಬಿಸಿಲಿನ ಶಕ್ತಿಯಲ್ಲಿ ಅದರ ಪಾಲು ಶೇ 5ರ ಆಸುಪಾಸು. ಬಳ್ಳಾರಿಯ ಬಿಸಿಲಿನಲ್ಲಿ ಉಳಿದದ್ದೆಲ್ಲ ವ್ಯರ್ಥವಾಗುವುದನ್ನು ಸಹಿಸಲಾಗಲಿಲ್ಲ. ಮೆಲಮಿನ್ ಅನ್ನು ಮುಚ್ಚಿದ ಮೂಸೆಯಲ್ಲಿ 550 ಡಿಗ್ರಿಗೆ ಕಾಯಿಸಿ ಹಳದಿ ಬಣ್ಣದ ಕಾರ್ಬನ್ ನೈಟ್ರೈಡ್ ಮಾಡಿದೆ. ಅದು ಸುಮಾರು 460 ನ್ಯಾನೊಮೀಟರ್‌ವರೆಗಿನ ಬೆಳಕನ್ನು ಹೀರುತ್ತದೆ. ಎರಡನ್ನೂ ಎಥನಾಲಿನಲ್ಲಿ ಬೆರೆಸಿ, ಒಣಗಿಸಿ, ಮತ್ತೆ ಕಾಯಿಸಿದಾಗ ಒಂದರಲ್ಲಿ ಹುಟ್ಟಿದ ಎಲೆಕ್ಟ್ರಾನ್ ಇನ್ನೊಂದಕ್ಕೆ ದಾಟುವಂಥ ಜೋಡಿ ಸಿಕ್ಕಿತು.

ಪ್ರಯೋಗಾಲಯದಲ್ಲಿ ಇಂಥ ಪರೀಕ್ಷೆಗೆ ಬಳಸುವ ನೀಲಿ ಬಣ್ಣವಾದ ಮೆಥಿಲೀನ್ ಬ್ಲೂ ದ್ರಾವಣದಲ್ಲಿ ಪರೀಕ್ಷೆ ಸೊಗಸಾಗಿ ನಡೆಯಿತು. ಬಣ್ಣ ಬರಿದೇ ಪುಡಿಗೆ ಅಂಟಿಕೊಳ್ಳುವುದನ್ನು ಲೆಕ್ಕದಿಂದ ತೆಗೆಯಲು ಅರ್ಧ ಗಂಟೆ ಕತ್ತಲಲ್ಲಿ ಕಲಕಿದೆ, ಬಳಿಕ ಬಿಸಿಲಿಗಿಟ್ಟೆ, ಹದಿನೈದು ನಿಮಿಷಕ್ಕೊಮ್ಮೆ ಮಾದರಿ ತೆಗೆದೆ. ಆ ಬಣ್ಣ ಅತಿ ಹೆಚ್ಚು ಬೆಳಕು ಹೀರುವ 664 ನ್ಯಾನೊಮೀಟರಿನ ಶಿಖರ ಕುಗ್ಗುತ್ತ ಹೋಯಿತು, ಅಂದರೆ ಬಣ್ಣ ಕಡಿಮೆಯಾಗುತ್ತಿತ್ತು. ಪುಡಿ ಹಾಕದ ಬಾಟಲಿಯನ್ನೂ ಪಕ್ಕದಲ್ಲಿಟ್ಟಿದ್ದೆ. ಬಿಸಿಲಿಗೆ ಆ ಬಣ್ಣವೂ ಸ್ವಲ್ಪ ಮಾಸುತ್ತದೆ. ಅದನ್ನು ಕಳೆಯದೆ ಫಲಿತಾಂಶ ಬರೆಯುವುದು ನನ್ನ ದೃಷ್ಟಿಯಲ್ಲಿ ತಪ್ಪು.

ಆಮೇಲೆ ಪರಿಚಯದ ಘಟಕವೊಂದರಿಂದ ಒಂದು ಕ್ಯಾನ್ ನಿಜವಾದ ನೀರು ತಂದೆ. ಅರ್ಧ ದಿನ ಕಳೆದರೂ ನೀಲಿ ಕದಲಲಿಲ್ಲ.

ವಾರಗಟ್ಟಲೆ ಹುಡುಕಿದ ಮೇಲೆ ಕಾರಣಗಳು ಒಂದೊಂದಾಗಿ ತಿಳಿದವು. ಮೆಥಿಲೀನ್ ಬ್ಲೂ ನೀರಿನಲ್ಲಿ ಕರಗುತ್ತದೆ; ಜೀನ್ಸಿಗೆ ನೀಲಿ ಕೊಡುವ ಇಂಡಿಗೊ ಬಣ್ಣ ಕರಗುವುದಿಲ್ಲ, ನುಣ್ಣನೆಯ ಕಣಗಳಾಗಿ ತೇಲುತ್ತದೆ. ಜೊತೆಗೆ ಉಜ್ಜುವ ಪ್ಯೂಮಿಸ್ ಕಲ್ಲಿನ ಪುಡಿ, ನೂಲಿಗೆ ಹಾಕಿದ ಗಂಜಿ, ಸಾಬೂನು, ಬ್ಲೀಚಿನಿಂದ ಬಂದ ಉಪ್ಪು. ಕಲ್ಲಿನ ಪುಡಿ ಬೆಳಕನ್ನು ತಡೆಯುತ್ತಿತ್ತು, ಕ್ಲೋರೈಡ್ ಮತ್ತು ಬೈಕಾರ್ಬನೇಟ್ ರ‍್ಯಾಡಿಕಲ್‌ಗಳನ್ನು ಬಣ್ಣಕ್ಕೆ ತಲುಪುವ ಮುನ್ನವೇ ನುಂಗುತ್ತಿದ್ದವು. ನಾನು ವೇಗವರ್ಧಕವನ್ನು ರೂಪಿಸಿದ್ದು ಭಟ್ಟಿ ಇಳಿಸಿದ ನೀರಿಗೆ, ನಮ್ಮ ಚರಂಡಿಯ ನೀರಿಗಲ್ಲ.

ಪಟಿಕ ಹಾಕಿ ಕೆಸರು ಕೂರಿಸಿ, ಮರಳಿನಲ್ಲಿ ಸೋಸಿ, ಉಳಿದ ತಿಳಿನೀಲಿ ನೀರನ್ನಷ್ಟೇ ಬಿಸಿಲಿಗಿಟ್ಟೆ. ಆಗ ಕೆಲಸವಾಯಿತು. ಹಿಗ್ಗಿನಿಂದ ಬಾಟಲಿಯನ್ನು ಚಿಕ್ಕಮ್ಮನಿಗೆ ತೋರಿಸಿದೆ. ಮೂಸಿ ನೋಡಿ, "ಬಣ್ಣ ಹೋಯಿತು ಸರಿ, ವಾಸನೆ ಹೋಗಿಲ್ಲವಲ್ಲಪ್ಪಾ?" ಎಂದರು.

ಅವರು ಹೇಳಿದ್ದು ನಿಜ. ಇಂಡಿಗೊ ಅಣುವಿನ ನಡುವಿನ ಜೋಡಿಬಂಧ ಮುರಿದರೆ ಸಾಕು, ನೀಲಿ ಮಾಯವಾಗುತ್ತದೆ. ಐಸಟಿನ್‌ನಂಥ ತುಣುಕುಗಳು ನೀರಿನಲ್ಲೇ ಉಳಿಯುತ್ತವೆ. ಗಂಜಿ, ಸಾಬೂನಂತೂ ಮೊದಲಿನಿಂದಲೂ ಬಣ್ಣವಿಲ್ಲದವು. ನೀರಿನಲ್ಲಿ ಉಳಿದ ಕೊಳೆಯನ್ನು ಉತ್ಕರ್ಷಿಸಲು ಎಷ್ಟು ಆಮ್ಲಜನಕ ಬೇಕೆಂದು ಹೇಳುವ ರಾಸಾಯನಿಕ ಆಮ್ಲಜನಕ ಬೇಡಿಕೆಯನ್ನು ಅಳೆದಾಗ ಅದು ಬಣ್ಣದಷ್ಟು ಇಳಿದಿರಲಿಲ್ಲ. ಅಂದಿನಿಂದ ಶಿಖರ ಕುಗ್ಗಿದ್ದನ್ನಷ್ಟೇ ನೋಡಿ 'ಶುದ್ಧವಾಯಿತು' ಎಂದು ಬರೆಯುವುದನ್ನು ನಿಲ್ಲಿಸಿದ್ದೇನೆ. ನೀಲಿ ಹೋದ ಮೇಲೂ ಬಿಸಿಲಿನಲ್ಲೇ ಬಿಟ್ಟು ಎರಡನ್ನೂ ಅಳೆಯುತ್ತೇನೆ.

ಇನ್ನೊಂದು ತೊಡಕು, ಪುಡಿಯನ್ನು ಮರಳಿ ಪಡೆಯುವುದು. ನ್ಯಾನೊ ಕಣ ತಾನಾಗಿ ತಳ ಸೇರುವುದಿಲ್ಲ. ಅದನ್ನು ನೀರಿನೊಂದಿಗೆ ಬಿಟ್ಟರೆ ಒಂದು ಮಾಲಿನ್ಯ ತೆಗೆದು ಇನ್ನೊಂದನ್ನು ಸೇರಿಸಿದಂತೆ. ಹಳೆಯ ಮಣ್ಣಿನ ಹೆಂಚುಗಳನ್ನು ಒಡೆದು, ಚೂರುಗಳನ್ನು ಪುಡಿಯ ಗಂಜಿಯಂಥ ಮಿಶ್ರಣದಲ್ಲಿ ಅದ್ದಿ, 400 ಡಿಗ್ರಿಗೆ ಕಾಯಿಸಿದೆ. ಅಗಲವಾದ ತಟ್ಟೆಯಲ್ಲಿ ಚೂರು ಹರಡಿ, ಮೇಲೆ ಎರಡು ಬೆರಳಿನಷ್ಟು ನೀರು ನಿಲ್ಲಿಸಿದರೆ ಬೆಳಕು ತಳದವರೆಗೂ ಇಳಿಯುತ್ತದೆ. ವೇಗ ಪುಡಿಗಿಂತ ಕಡಿಮೆ. ಆದರೆ ಚೂರನ್ನು ಕೈಯಿಂದ ಎತ್ತಿ ತೊಳೆದು ಮತ್ತೆ ಬಳಸಬಹುದು, ಅದಕ್ಕಾಗಿ ಆ ನಷ್ಟವನ್ನು ಸಂತೋಷದಿಂದ ಒಪ್ಪಿಕೊಂಡಿದ್ದೇನೆ.

ನೀರು ಆಮ್ಲೀಯವಾದರೆ ಜಿಂಕ್ ಆಕ್ಸೈಡ್ ಕರಗುತ್ತದೆ. ಹೀಗಾಗಿ ತಟ್ಟೆಗೆ ಸುರಿಯುವ ಮುನ್ನ ಪಿಹೆಚ್ 7ರಿಂದ 8ರ ನಡುವೆ ಇದೆಯೇ ನೋಡುತ್ತೇನೆ, ಹೊರಬಂದ ನೀರಿನಲ್ಲಿ ಸತುವಿನ ಅಂಶವನ್ನೂ ಅಳೆಯುತ್ತೇನೆ. ನಾಲ್ಕೈದು ಸಲ ಬಳಸಿದ ಚೂರುಗಳ ಮೇಲೆ ಗಂಜಿಯ ತೆಳುಪದರ ಕೂತು ಅವು ಮಂಕಾಗುತ್ತವೆ. ಈಗ ಅವುಗಳನ್ನು ಬರಿಯ ನೀರಿನಲ್ಲಿ ಮುಳುಗಿಸಿ ಒಂದು ದಿನ ಬಿಸಿಲಿಗಿಡುತ್ತಿದ್ದೇನೆ. ಮೇಲಿನ ಪದರವನ್ನು ಚೂರೇ ನಿಧಾನವಾಗಿ ಸುಟ್ಟುಕೊಳ್ಳುತ್ತದೆ.