ಬಳಸುವವರ ಪಕ್ಕ ಕೂತು ಆ್ಯಪ್ ಪರೀಕ್ಷಿಸುವುದು ಹೇಗೆ

ಕರೆಂಟ್ ಬಿಲ್ ಕಟ್ಟುವ ಕನ್ನಡ ಆ್ಯಪ್ ಒಂದು ತಯಾರಾಗಿದೆ, ಬಿಡುಗಡೆಗೆ ಮುಂಚೆ ಅದನ್ನು ಜನರ ಕೈಗೆ ಕೊಟ್ಟು ನೋಡಬೇಕು ಎಂದಿಟ್ಟುಕೊಳ್ಳಿ. ಇದಕ್ಕೆ ಬೇಕಾದದ್ದು ಐದು ಜನ, ಒಂದು ಮೇಜು, ಎರಡು ಕುರ್ಚಿ, ಒಂದು ಆಂಡ್ರಾಯ್ಡ್ ಫೋನು, ಒಂದು ಹಳೆಯ ಬಿಲ್ಲು, ಮತ್ತು ಮುಕ್ಕಾಲು ಗಂಟೆ ಬಾಯಿ ಮುಚ್ಚಿಕೊಂಡು ಕೂರಬಲ್ಲ ಒಬ್ಬರು. ಕೊನೆಯದು ಸಿಗುವುದೇ ಕಷ್ಟ.

ಯಾರನ್ನು ಕರೆಯಬೇಕು

ಐದು ಜನ ಸಾಕು ಎಂಬ ಮಾತಿನ ಹಿಂದೆ ಇರುವುದು 1993ರಲ್ಲಿ ಬಳಕೆಯ ಸುಲಭತೆಯ ಸಂಶೋಧಕರಾದ ಯಾಕೋಬ್ ನೀಲ್ಸನ್ ಮತ್ತು ಥಾಮಸ್ ಲ್ಯಾಂಡವರ್ ಮುಂದಿಟ್ಟ ಲೆಕ್ಕ. ಒಂದು ತೊಂದರೆ ಒಬ್ಬರಿಗೆ ಎದುರಾಗುವ ಸಾಧ್ಯತೆ ಸರಾಸರಿ ಶೇ 31 ಎಂದು ಹಿಡಿದರೆ, ಐವರಲ್ಲಿ ಒಬ್ಬರಿಗಾದರೂ ಎದುರಾಗುವ ಸಾಧ್ಯತೆ ಶೇ 85ರ ಹತ್ತಿರ ಬರುತ್ತದೆ. ಇದನ್ನು ಅರ್ಧ ಓದಿ ಬಿಟ್ಟವರೇ ಹೆಚ್ಚು. ಹತ್ತರಲ್ಲಿ ಒಬ್ಬರಿಗೆ ಮಾತ್ರ ತಟ್ಟುವ ತೊಂದರೆಯಾದರೆ ಐವರಲ್ಲಿ ಅದು ಕಾಣುವ ಸಾಧ್ಯತೆ ಶೇ 41 ಮಾತ್ರ. ಅಂದರೆ ಐವರ ಸುತ್ತು ಮುಗಿದಾಗ ಗೊತ್ತಾಗಿರುವುದು ಎದ್ದು ಕಾಣುವ ತೊಂದರೆಗಳು, ಎಲ್ಲವೂ ಅಲ್ಲ. 15 ಜನರಿಗೆ ಆಗುವಷ್ಟು ದುಡ್ಡಿದ್ದರೆ ಒಟ್ಟಿಗೆ ಕರೆಯದೆ ಐವರಂತೆ ಮೂರು ಸುತ್ತು ಮಾಡಿ, ನಡುನಡುವೆ ಆ್ಯಪ್ ಸರಿಪಡಿಸಿ.

ಕಚೇರಿಯವರು, ಅವರ ಮನೆಯವರು ಬೇಡ. ನಿಜವಾಗಿ ಬಿಲ್ ಕಟ್ಟುವವರು ಬೇಕು. ಕರ್ನಾಟಕದಲ್ಲಿ 2023ರಲ್ಲಿ ಗೃಹಜ್ಯೋತಿ ಬಂದ ಮೇಲೆ ಶೂನ್ಯ ಬಿಲ್ ಬರುವ ಮನೆಗಳಲ್ಲಿ ಬಿಲ್ ಕಟ್ಟುವ ರೂಢಿಯೇ ತಪ್ಪಿದೆ. ಆದ್ದರಿಂದ ಅಂಗಡಿ ಇಟ್ಟವರು, ಹಿಟ್ಟಿನ ಗಿರಣಿಯವರು, ಬಾಡಿಗೆ ಮನೆಗಳನ್ನು ನೋಡಿಕೊಳ್ಳುವವರು ಪಟ್ಟಿಯಲ್ಲಿರಲಿ. ಫೋನಿನಲ್ಲಿ ಮಾತಾಡುವಾಗ ‘ನಿಮಗೆ ಮೊಬೈಲ್ ಚೆನ್ನಾಗಿ ಬರುತ್ತಾ’ ಎಂದು ಕೇಳಿದರೆ ಸಂಕೋಚದ ಉತ್ತರ ಸಿಗುತ್ತದೆ. ‘ಹೋದ ತಿಂಗಳ ಬಿಲ್ ಯಾರು ಕಟ್ಟಿದ್ದು, ಹೇಗೆ ಕಟ್ಟಿದ್ದು’ ಎಂದು ಕೇಳಿ. ‘ಮಗನೇ ಕಟ್ತಾನೆ’ ಎಂದರೆ ಕರೆಯಬೇಕಾದದ್ದು ಮಗನನ್ನು. ಒಬ್ಬರು ಬರದೇ ಹೋಗುವುದು ಮಾಮೂಲು, ಆರು ಜನರಿಗೆ ಹೇಳಿಡಿ. ಬಸ್ ಚಾರ್ಜು ಮತ್ತು ಅರ್ಧ ದಿನದ ಕೂಲಿ ಕೊಡಿ. ಕೆಲಸ ಪೂರ್ತಿ ಮಾಡಿದರೂ ಮಾಡದಿದ್ದರೂ ಅಷ್ಟೇ ಎಂದು ಮೊದಲೇ ಹೇಳಿ.

ಟಾಸ್ಕ್ ಬರೆಯುವುದು

ಟಾಸ್ಕ್ ಅಂದರೆ ಬಂದವರಿಗೆ ಆ್ಯಪಿನಲ್ಲಿ ಮಾಡಲು ಕೊಡುವ ಕೆಲಸ. ಇಡೀ ಪರೀಕ್ಷೆ ಕೆಡುವುದು ಹೆಚ್ಚಾಗಿ ಇಲ್ಲಿಯೇ. ಸ್ಕ್ರೀನ್ ಮೇಲಿರುವ ಪದ ನಿಮ್ಮ ಬಾಯಿಂದ ಬರಕೂಡದು. ‘ಬಿಲ್ ಪಾವತಿ ಒತ್ತಿ, ಗ್ರಾಹಕರ ಸಂಖ್ಯೆ ಹಾಕಿ’ ಎಂದುಬಿಟ್ಟರೆ ಅವರು ಆ ಅಕ್ಷರಗಳನ್ನು ಹುಡುಕುತ್ತಾರೆ ಅಷ್ಟೆ, ಆ್ಯಪ್ ಅರ್ಥವಾಯಿತೋ ಇಲ್ಲವೋ ತಿಳಿಯುವುದಿಲ್ಲ. ಹೀಗೆ ಹೇಳಿ: ‘ಈ ಅಂಗಡಿಯ ಕರೆಂಟ್ ಬಿಲ್ ಬಂದಿದೆ. ನಾಳೆ ಕೊನೇ ದಿನ. ಈ ಫೋನಿಂದ ಕಟ್ಟಕ್ಕಾಗುತ್ತಾ ನೋಡಿ.’

ಜೊತೆಗೆ ಅಚ್ಚಾದ ನಿಜವಾದ ಬಿಲ್ಲನ್ನು ಕೈಗೆ ಕೊಡಿ, ಹೆಸರು ವಿಳಾಸದ ಮೇಲೆ ಕಪ್ಪು ಮಾರ್ಕರ್ ಎಳೆದು. ಬೆಸ್ಕಾಂ ಬಿಲ್ಲಿನಲ್ಲಿ ಆರ್‌ಆರ್ ನಂಬರ್ (ಸಂಪರ್ಕದ ಸಂಖ್ಯೆ) ಬೇರೆ, ಅಕೌಂಟ್ ಐಡಿ ಬೇರೆ. ಆ್ಯಪಿಗೆ ಬೇಕಾದದ್ದು ಅಕೌಂಟ್ ಐಡಿ. ಆ್ಯಪ್ ‘ಗ್ರಾಹಕರ ಸಂಖ್ಯೆ’ ಎಂದು ಕೇಳಿದಾಗ ಅವರ ಬೆರಳು ಬಿಲ್ಲಿನ ಯಾವ ಸಾಲಿಗೆ ಹೋಗುತ್ತದೆ ಎಂಬುದನ್ನು ನೋಡಿ. ಆರ್‌ಆರ್ ನಂಬರ್ ಹಾಕುತ್ತಾರೆ, ‘ತಪ್ಪಾದ ಸಂಖ್ಯೆ’ ಎಂದು ಬರುತ್ತದೆ, ಎಲ್ಲೋ ಒಂದು ಅಂಕಿ ಬಿಟ್ಟೆನೇನೋ ಎಂದುಕೊಂಡು ಅದನ್ನೇ ಇನ್ನೂ ನಿಧಾನವಾಗಿ ಮತ್ತೆ ಹಾಕುತ್ತಾರೆ. ಯಾವ ಸಂಖ್ಯೆ, ಬಿಲ್ಲಿನಲ್ಲಿ ಅದು ಎಲ್ಲಿದೆ, ಎಷ್ಟು ಅಂಕಿ ಎಂಬುದನ್ನು ಆ್ಯಪ್ ಹೇಳಿಲ್ಲ. ಕಚೇರಿಯಲ್ಲಿ ಕೂತು ಎಷ್ಟು ಸಲ ನೋಡಿದರೂ ಇದು ಕಾಣುವುದಿಲ್ಲ, ಏಕೆಂದರೆ ಅಲ್ಲಿ ಎಲ್ಲರಿಗೂ ಉತ್ತರ ಗೊತ್ತು.

45 ನಿಮಿಷಕ್ಕೆ ನಾಲ್ಕು ಟಾಸ್ಕ್ ಸಾಕು: ಬಿಲ್ ಕಟ್ಟುವುದು, ಹೋದ ತಿಂಗಳ ರಸೀದಿ ಹುಡುಕುವುದು, ಎರಡನೇ ಮೀಟರ್ ಸೇರಿಸುವುದು, ಬಿಲ್ ಜಾಸ್ತಿ ಬಂದಿದೆ ಎಂದು ದೂರು ಕೊಡುವುದು. ಸುಲಭದ್ದು ಮೊದಲಿರಲಿ. ಒಂದೊಂದನ್ನೂ ಬೇರೆ ಬೇರೆ ಚೀಟಿಯಲ್ಲಿ ದೊಡ್ಡ ಅಕ್ಷರದಲ್ಲಿ ಬರೆದು ಒಂದಾದ ಮೇಲೆ ಒಂದು ಕೊಡಿ. ಓದಲು ತಡವರಿಸುವವರಿಗೆ ನೀವೇ ಓದಿ ಹೇಳಿ, ಎಲ್ಲರಿಗೂ ಅದೇ ಮಾತುಗಳಲ್ಲಿ.

ದುಡ್ಡಿನ ವಿಷಯದಲ್ಲಿ ಹುಷಾರು. ಟೆಸ್ಟ್ ಆವೃತ್ತಿ ಯುಪಿಐ ಪುಟದ ತನಕ ಹೋಗಿ ಅಲ್ಲಿಗೆ ನಿಲ್ಲಬೇಕು. ಯಾರೂ ತಮ್ಮ ನಿಜವಾದ ಪಿನ್ ಹಾಕುವ ಪ್ರಸಂಗವೇ ಬರಬಾರದು. ಮೇಲಿನಿಂದ ಕ್ಯಾಮೆರಾ ಇಟ್ಟಿದ್ದರೆ ಬೆರಳು ಒತ್ತಿದ ಅಂಕಿಗಳೆಲ್ಲ ಅದರಲ್ಲಿ ದಾಖಲಾಗುತ್ತವೆ.

ಹಿಂದಿನ ದಿನ

ಆಂಡ್ರಾಯ್ಡ್ 11ರಿಂದೀಚೆಗೆ ಸ್ಕ್ರೀನ್ ರೆಕಾರ್ಡರ್ ಫೋನಿನಲ್ಲೇ ಇದೆ. ಮೈಕ್ ಆನ್ ಮಾಡಿ, ಸ್ಪರ್ಶಗಳನ್ನು ತೋರಿಸುವ ಆಯ್ಕೆಯನ್ನೂ ಆನ್ ಮಾಡಿ. ಇಲ್ಲದಿದ್ದರೆ ಬೆರಳು ಎಲ್ಲಿ ಒತ್ತಿ ಏನೂ ಆಗಲಿಲ್ಲ ಎಂಬುದು ವಿಡಿಯೊದಲ್ಲಿ ತಿಳಿಯುವುದೇ ಇಲ್ಲ. ನೋಟಿಫಿಕೇಶನ್ ಬಂದ್ ಮಾಡಿ. ಸ್ಟೋರೇಜ್ ಖಾಲಿ ಇದೆಯಾ ನೋಡಿ. ಅಕ್ಷರದ ಗಾತ್ರವನ್ನು ಬರುವವರ ಫೋನಿನಲ್ಲಿ ಇರುವಷ್ಟಕ್ಕೇ ಇಡಿ. 50 ದಾಟಿದ ಹಲವರು ಅದನ್ನು ದೊಡ್ಡದು ಮಾಡಿಕೊಂಡಿರುತ್ತಾರೆ, ಕನ್ನಡ ಆ್ಯಪ್‌ಗಳು ಸೋಲುವುದು ಅಲ್ಲೇ: ‘ಮುಂದುವರಿಯಿರಿ’ ಎಂಬ ಬಟನ್ನಿನಲ್ಲಿ ಅರ್ಧ ಪದ ಮಾಯ, ಸಾಲಿನ ಎತ್ತರ ಸಾಲದೆ ಒತ್ತಕ್ಷರದ ಬುಡ ಕತ್ತರಿಸಿರುತ್ತದೆ.

ಒಬ್ಬರ ಜೊತೆ ಪೂರ್ತಿ ಅಭ್ಯಾಸ ಮಾಡಿ. ಒಟಿಪಿ ಬರದಿರುವುದು, ಮೊದಲಿನವರು ಹಾಕಿದ ನಂಬರ್ ಹಾಗೇ ಉಳಿದಿರುವುದು, ಎಲ್ಲ ಈಗಲೇ ಸಿಕ್ಕಿಬೀಳಲಿ.

ಕೂತ ಮೇಲೆ

ಅವರ ಎದುರು ಕೂರಬೇಡಿ, ಸಂದರ್ಶನದಂತಾಗುತ್ತದೆ. ಪಕ್ಕದಲ್ಲಿ, ತುಸು ಹಿಂದಕ್ಕೆ ಕೂರಿ. ಕೋಣೆಯಲ್ಲಿ ಬರೆದುಕೊಳ್ಳುವವರು ಒಬ್ಬರೇ ಸಾಕು, ಉಳಿದವರು ಇನ್ನೊಂದು ಕೋಣೆಯಿಂದ ಗೂಗಲ್ ಮೀಟ್‌ನಲ್ಲಿ ನೋಡಲಿ. ಏನು ರೆಕಾರ್ಡ್ ಆಗುತ್ತದೆ, ಯಾರು ನೋಡುತ್ತಾರೆ, ಯಾವಾಗ ಅಳಿಸುತ್ತೀರಿ ಎಂದು ಕನ್ನಡದಲ್ಲಿ ಓದಿ ಹೇಳಿ ಒಪ್ಪಿಗೆ ಪಡೆಯಿರಿ. ಆಮೇಲೆ: ‘ಪರೀಕ್ಷೆ ಈ ಆ್ಯಪಿಗೆ, ನಿಮಗಲ್ಲ. ಎಲ್ಲಾದ್ರೂ ತಡವರಿಸಿದ್ರೆ ಅದು ಆ್ಯಪಿನ ತಪ್ಪು.’

ಮನಸ್ಸಿನಲ್ಲಿ ಬಂದದ್ದನ್ನು ಬಾಯಿಬಿಟ್ಟು ಹೇಳುತ್ತಾ ಬಳಸಿ ಎಂದು ಕೇಳುವ ಪದ್ಧತಿಯನ್ನು 1982ರಲ್ಲಿ ಐಬಿಎಂನ ಕ್ಲೇಟನ್ ಲೂಯಿಸ್ ಈ ಕೆಲಸಕ್ಕೆ ತಂದರು. ನಮ್ಮಲ್ಲಿ ಹೊಸಬರ ಮುಂದೆ ಹಾಗೆ ಒಬ್ಬರೇ ಮಾತಾಡಿಕೊಳ್ಳಲು ನಾಚುತ್ತಾರೆ. ಮೊದಲು ‘ಬೆಳಿಗ್ಗೆ ಐದಕ್ಕೆ ಅಲಾರಂ ಇಡಿ, ಇಡ್ತಾ ಏನ್ ಮಾಡ್ತಿದೀರಿ ಅಂತ ಹೇಳ್ತಾ ಹೋಗಿ’ ಎಂದು ಎರಡು ನಿಮಿಷ ರೂಢಿ ಮಾಡಿಸಿ. ಆದರೂ ಮಾತು ಹೊರಡದಿದ್ದರೆ ಪರಿಚಯದವರಿಬ್ಬರನ್ನು ಒಂದೇ ಫೋನಿಗೆ ಕೂರಿಸಿ, ಅವರವರೇ ಮಾತಾಡಿಕೊಳ್ಳುತ್ತಾರೆ. ಬಾಯಿಬಿಟ್ಟು ಹೇಳಿಸುವಾಗ ಸಮಯದ ಲೆಕ್ಕ ಇಡಬೇಡಿ, ಮಾತಿನಿಂದಲೇ ಕೆಲಸ ನಿಧಾನವಾಗಿರುತ್ತದೆ.

ಅವರು ತಿರುಗಿ ನಿಮ್ಮನ್ನೇ ಕೇಳುತ್ತಾರೆ, ಖಂಡಿತ ಕೇಳುತ್ತಾರೆ. ಉತ್ತರಗಳನ್ನು ಮೊದಲೇ ಬಾಯಿಪಾಠ ಮಾಡಿಕೊಳ್ಳಿ:

– ‘ಇದನ್ನ ಒತ್ತಲಾ ಸಾರ್?’ ‘ನಾನಿಲ್ಲಿ ಇಲ್ಲ ಅಂದ್ಕೊಳ್ಳಿ. ಮನೇಲಾಗಿದ್ರೆ ಏನ್ ಮಾಡ್ತಿದ್ರಿ?’
– ‘ಇದೇನು ಮೇಡಂ?’ ‘ನಿಮಗೆ ಏನು ಅನಿಸುತ್ತೆ?’
– 20 ಸೆಕೆಂಡು ಮೌನವಾದರೆ: ‘ಏನ್ ನೋಡ್ತಾ ಇದೀರಿ?’

‘ಸರಿ’, ‘ಹೂಂ, ಅದೇ’ ಎಂದು ತಲೆಯಾಡಿಸುವುದೂ ಸಹಾಯವೇ. ತಪ್ಪು ದಾರಿಯಲ್ಲಿದ್ದಾಗ ನೀವು ಸುಮ್ಮನಾದರೆ ಸಾಕು, ಅವರಿಗೆ ಗೊತ್ತಾಗಿಬಿಡುತ್ತದೆ. ಆದ್ದರಿಂದ ಸರಿ ಇದ್ದಾಗಲೂ ಅಷ್ಟೇ ಸುಮ್ಮನಿರಿ. ಮೂರು ನಿಮಿಷ ಒಂದೇ ಕಡೆ ನಿಂತರೆ, ಅಥವಾ ಎರಡು ಸಲ ‘ಆಗಲ್ಲ’ ಎಂದರೆ, ಮುಂದಿನ ಹೆಜ್ಜೆ ಮಾತ್ರ ತೋರಿಸಿ, ಆ ಟಾಸ್ಕಿಗೆ ‘ಸಹಾಯದಿಂದ’ ಎಂದು ಗುರುತು ಹಾಕಿ.

ಮನೆಗೇ ಹೋಗಿ ಮಾಡುವುದಾದರೆ ಇನ್ನೊಂದು ಸಮಸ್ಯೆ. ಅಮ್ಮ ತಡವರಿಸುತ್ತಿದ್ದಂತೆ ಒಳಗಿಂದ ಮಗ ಬಂದು ‘ಕೊಡಮ್ಮ ಇಲ್ಲಿ’ ಎಂದು ಫೋನು ಕಸಿದುಕೊಳ್ಳುತ್ತಾನೆ. ಯಾವ ಸ್ಕ್ರೀನಿನಲ್ಲಿ ಕಸಿದುಕೊಂಡ ಎಂದು ಬರೆದುಕೊಳ್ಳಿ, ಒಳ್ಳೆಯ ಮಾಹಿತಿ ಅದು. ನಂತರ ‘ಇವರದ್ದು ಮುಗಿದ ಮೇಲೆ ನಿಮ್ಮದು’ ಎಂದು ಅವನನ್ನು ಕೂರಿಸಿ.

ಬರೆದುಕೊಳ್ಳುವುದು

ಸಮಯ, ಕಂಡದ್ದು, ಕೇಳಿದ್ದು: ಮೂರೇ ಅಂಕಣ. ‘ಗೊಂದಲವಾಯಿತು’ ಎಂದು ಬರೆದರೆ ಅದು ನಿಮ್ಮ ಊಹೆ. ‘12:40, ಹಿಂದಕ್ಕೆ ಬಟನ್ ಮೂರು ಸಲ, “ಎಲ್ಲೋಯ್ತು ರಸೀದಿ”’ ಎಂದು ಬರೆದರೆ ಅದು ಸಾಕ್ಷಿ. ಕಾರಣ ಹುಡುಕುವುದು ಆಮೇಲಿನ ಕೆಲಸ.

ಕೊನೆಗೆ ‘ಹೇಗಿತ್ತು’ ಎಂದರೆ ‘ಚೆನ್ನಾಗಿದೆ ಸಾರ್’ ಎನ್ನುತ್ತಾರೆ, ಅರ್ಧ ಗಂಟೆ ಒದ್ದಾಡಿದವರೂ. ಅದಕ್ಕೆ ಬೆಲೆ ಕೊಡಬೇಡಿ. ‘ಪಕ್ಕದ ಅಂಗಡಿಯವರಿಗೆ ಇದನ್ನ ಹೇಳಿಕೊಡಬೇಕು ಅಂದ್ರೆ ಎಲ್ಲಿ ಹುಷಾರು ಅಂತೀರಿ?’ ಎಂದು ಕೇಳಿ, ದೂರು ತಾನಾಗಿ ಹೊರಬರುತ್ತದೆ.

1986ರಲ್ಲಿ ಜಾನ್ ಬ್ರೂಕ್ ಮಾಡಿದ ಎಸ್‌ಯುಎಸ್ ಎಂಬ, ಬಳಕೆ ಎಷ್ಟು ಸುಲಭ ಎಂದು ಅಳೆಯುವ ಹತ್ತು ಹೇಳಿಕೆಗಳ ಪ್ರಶ್ನಾವಳಿಯನ್ನು ಬಳಸುವವರಿದ್ದಾರೆ. ಒಂದೊಂದು ಹೇಳಿಕೆಗೂ 1ರಿಂದ 5ರ ತನಕ ಅಂಕ, 5 ಎಂದರೆ ಪೂರ್ತಿ ಒಪ್ಪಿಗೆ. ಬೆಸ ಸಂಖ್ಯೆಯ ಹೇಳಿಕೆಗಳಿಗೆ ಬಂದ ಅಂಕದಲ್ಲಿ 1 ಕಳೆಯಿರಿ, ಸಮ ಸಂಖ್ಯೆಯವಕ್ಕೆ ಬಂದ ಅಂಕವನ್ನು 5ರಿಂದ ಕಳೆಯಿರಿ, ಎಲ್ಲ ಕೂಡಿಸಿ 2.5ರಿಂದ ಗುಣಿಸಿ, 100ಕ್ಕೆ ಇಷ್ಟು ಎಂದು ಬರುತ್ತದೆ. ಅದರ ಹೇಳಿಕೆಗಳು ಒಂದು ಹೊಗಳಿಕೆ, ಒಂದು ತೆಗಳಿಕೆ ಎಂದು ಸರದಿಯಲ್ಲಿರುವುದರಿಂದ, ಕನ್ನಡಕ್ಕೆ ತಂದಾಗ ನಕಾರದ ವಾಕ್ಯಕ್ಕೆ ಜನ ಉಲ್ಟಾ ಅಂಕ ಕೊಡುವುದುಂಟು. ಐದೇ ಜನರಿದ್ದಾಗ ಇದನ್ನು ಬಿಟ್ಟರೂ ನಷ್ಟವಿಲ್ಲ.

ಅದೇ ಸಂಜೆ

ಎಲ್ಲರೂ ಕೂತು ಪಟ್ಟಿ ಮಾಡಿ. ಪ್ರತಿ ತೊಂದರೆಗೂ ಮೂರು ಪ್ರಶ್ನೆ: ಎಷ್ಟು ಜನರಿಗೆ ಆಯಿತು, ಕೆಲಸ ನಿಂತೇಹೋಯಿತೋ ಬರೀ ತಡವಾಯಿತೋ, ಒಮ್ಮೆ ಕಲಿತರೆ ಹೋಗುತ್ತದೋ ಪ್ರತಿ ತಿಂಗಳೂ ಕಾಡುತ್ತದೋ. ಒಬ್ಬರಿಗೇ ಆಗಿದ್ದರೂ ದುಡ್ಡು ಎರಡು ಸಲ ಕಟ್ಟುವಂತಾಗಿದ್ದರೆ ಅದೇ ಮೊದಲು. ವರದಿಯಲ್ಲಿ ‘ಶೇ 60’ ಎನ್ನಬೇಡಿ, ‘ಐವರಲ್ಲಿ ಮೂವರು’ ಎನ್ನಿ. ಒಪ್ಪದ ಮ್ಯಾನೇಜರಿಗೆ ವರದಿಗಿಂತ, ಆರ್‌ಆರ್ ನಂಬರನ್ನು ಮೂರನೇ ಸಲ ಹಾಕುತ್ತಿರುವ 40 ಸೆಕೆಂಡಿನ ವಿಡಿಯೊ ತೋರಿಸುವುದು ವಾಸಿ. ಮುಖ ಕಾಣದಂತೆ, ಒಪ್ಪಿಗೆ ಇದ್ದರೆ ಮಾತ್ರ.

ಕಾರಣ ಸ್ಪಷ್ಟವಿದ್ದು ಬೇಗ ಆಗುವ ತಿದ್ದುಪಡಿಯಾದರೆ ಸುತ್ತು ಮುಗಿಯುವ ತನಕ ಕಾಯಬೇಡಿ. ಸಂಖ್ಯೆ ಕೇಳುವ ಪೆಟ್ಟಿಗೆಯ ಕೆಳಗೆ ಬಿಲ್ಲಿನ ಚಿತ್ರ ಹಾಕಿ, ಬಾಣದ ಗುರುತಿಟ್ಟು, ಮರುದಿನ ಬರುವವರಿಗೆ ಅದನ್ನೇ ಕೊಡಿ. ಸರಿಹೋಯಿತೇ ಎಂದು ಹಳಬರನ್ನು ಮತ್ತೆ ಕರೆಸಿ ನೋಡುವುದರಿಂದ ಏನೂ ತಿಳಿಯುವುದಿಲ್ಲ, ಅವರಿಗೆ ಅಕೌಂಟ್ ಐಡಿ ಎಲ್ಲಿದೆ ಎಂದು ಈಗ ಗೊತ್ತಿದೆ. ಹೊಸಬರೇ ಬೇಕು.