ಲೆನ್ಸ್ ತೆಗೆದುಬಿಡಿ, ಅಂಟು ಟೇಪಿನಲ್ಲೇ ಫೋಟೊ ತೆಗೆಯಿರಿ

ಈಜುಕೊಳದ ತಳದಲ್ಲಿ ಬಿಸಿಲು ಹೆಣೆಯುವ ಬೆಳಕಿನ ಬಲೆಯನ್ನು ನೋಡಿದ್ದೀರಿ, ಅಲ್ವಾ? ಅಂಥ ಗೆರೆಗಳಿಂದಲೇ ಫೋಟೊ ತೆಗೆಯಬಹುದು. ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಲಾರಾ ವಾಲರ್ ಅವರ ತಂಡ ರೂಪಿಸಿದ 'ಡಿಫ್ಯೂಸರ್‌ಕ್ಯಾಮ್' ಎಂಬ ಕ್ಯಾಮೆರಾ ಹೀಗೇ ಕೆಲಸ ಮಾಡುತ್ತದೆ. ಅದರಲ್ಲಿ ಲೆನ್ಸೇ ಇಲ್ಲ.

ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್ ಮತ್ತು ಅದರ ಪುಟ್ಟ ಕ್ಯಾಮೆರಾ ತೆಗೆದುಕೊಳ್ಳಿ. ಲೆನ್ಸನ್ನು ನಿಧಾನಕ್ಕೆ ತಿರುಗಿಸಿ ಬಿಡಿಸಿ. ಒಳಗೆ ಬೆಳಕನ್ನು ದಾಖಲಿಸುವ ಚಿಪ್, ಅಂದರೆ ಸೆನ್ಸರ್‌ಗೆ ಬೆರಳು ತಾಗಬಾರದು.

ಕಪ್ಪು ಕಾಗದದಲ್ಲಿ ಸೆನ್ಸರ್‌ಗಿಂತ ಚಿಕ್ಕ ಕಿಂಡಿ ಕತ್ತರಿಸಿ. ಅದರ ಮೇಲೆ ಎರಡೂ ಬದಿ ಅಂಟುವ ಪಾರದರ್ಶಕ ಟೇಪ್ ಹಚ್ಚಿ, ಸೆನ್ಸರ್‌ನಿಂದ ಕೆಲವು ಮಿಲಿಮೀಟರ್ ಮೇಲೆ ಕೂರಿಸಿ. ಟೇಪಿನ ಸಣ್ಣ ಉಬ್ಬುತಗ್ಗುಗಳೇ ಇಲ್ಲಿ ಲೆನ್ಸಿನ ಕೆಲಸ ಮಾಡುತ್ತವೆ.

ಮುಂದಿನದೇ ಮುಖ್ಯ ಹಂತ, ಅವಸರ ಬೇಡ. ಕೋಣೆ ಕತ್ತಲು ಮಾಡಿ. ಸೂಜಿ ತೂತಿನ ಹಿಂದೆ ಒಂದು ಎಲ್‌ಇಡಿ ಇಟ್ಟು ಫೋಟೊ ತೆಗೆಯಿರಿ. ಬೆಳಕಿನ ಬಲೆ ಚೂಪಾಗಿ ಕಾಣುವವರೆಗೆ ಟೇಪಿನ ಎತ್ತರ ಹೊಂದಿಸಿ. ಗೆರೆಗಳು ಬಿಳಿಚಿಕೊಂಡರೆ ಎಕ್ಸ್‌ಪೋಷರ್ (ಸೆನ್ಸರ್ ಬೆಳಕು ಹಿಡಿಯುವ ಸಮಯ) ಕಡಿಮೆ ಮಾಡಿ. ಎಲ್‌ಇಡಿಯನ್ನು ಸ್ವಲ್ಪ ಪಕ್ಕಕ್ಕೆ ಸರಿಸಿದರೆ ಅದೇ ಬಲೆ ಪಕ್ಕಕ್ಕೆ ಜರುಗುತ್ತದೆ. ಯಾವುದೇ ದೃಶ್ಯ ಅಂದರೆ ಇಂಥ ಲೆಕ್ಕವಿಲ್ಲದಷ್ಟು ಚುಕ್ಕೆಗಳು. ಅವೆಲ್ಲದರ ಬಲೆಗಳು ಒಂದರ ಮೇಲೊಂದು ಬಿದ್ದ ಮೊತ್ತವನ್ನೇ ಸೆನ್ಸರ್ ದಾಖಲಿಸುತ್ತದೆ. ಇನ್ನು ಟೇಪನ್ನು ಮುಟ್ಟಬೇಡಿ, ಮುಟ್ಟಿದರೆ ಬಲೆ ಬದಲಾಗುತ್ತದೆ.

ಎಲ್‌ಇಡಿ ಇದ್ದಷ್ಟೇ ದೂರದಲ್ಲಿ ಪ್ರಕಾಶಮಾನವಾದ ವಸ್ತು ಇಟ್ಟು ಕ್ಲಿಕ್ಕಿಸಿ. ಸುಮ್ನೆ ಮಸುಕು ಮಸುಕು ಕಾಣುತ್ತದೆ. ಗಾಬರಿ ಬೇಡ, ಮಾಹಿತಿ ಅದರಲ್ಲೇ ಇದೆ.

ಈಗ ಪೈಥಾನ್ ಭಾಷೆಯಲ್ಲಿ ಬರೆದ ಪ್ರೋಗ್ರಾಂನ ಸರದಿ. ಲೆಕ್ಕ ಬೇಗ ಮುಗಿಯಲು ಎರಡೂ ಫೋಟೊಗಳನ್ನು ಚಿಕ್ಕದು ಮಾಡಿ. ಪ್ರೋಗ್ರಾಂ ಒಂದು ಚಿತ್ರವನ್ನು ಊಹಿಸುತ್ತದೆ, ನಿಮ್ಮ ಬಲೆಯಿಂದ ಅದನ್ನು ಮಸುಕು ಮಾಡುತ್ತದೆ, ನಿಜವಾದ ಫೋಟೊ ಜೊತೆ ಹೋಲಿಸಿ ಊಹೆ ತಿದ್ದುತ್ತದೆ. ನೂರಾರು ಸುತ್ತು ಇದೇ ಕೆಲಸ. ಕೊನೆಗೆ ವಸ್ತು ಮೂಡಿ ಬರುತ್ತದೆ. ಬರದಿದ್ದರೆ ಕೋಡ್ ಕೆದಕುವ ಮೊದಲು ಬಲೆಯ ಫೋಟೊವನ್ನೇ ಮತ್ತೆ ನೋಡಿ. ತಪ್ಪು ಜಾಸ್ತಿ ಅಲ್ಲೇ ಇರುತ್ತದೆ.

1995ರಲ್ಲೇ ಡೌಸ್ಕಿ ಮತ್ತು ಕ್ಯಾಥಿ ಎಂಬ ಸಂಶೋಧಕರು ಇದೇ ಹಾದಿ ತೋರಿಸಿದ್ದರು. ಹತ್ತಿರದ್ದು, ದೂರದ್ದು ಎರಡೂ ಒಂದೇ ರೀತಿ ಮಸುಕಾಗುವಂತೆ ಗಾಜನ್ನು ಬೇಕೆಂದೇ ರೂಪಿಸಿ, ಆಮೇಲೆ ಕಂಪ್ಯೂಟರ್‌ನಲ್ಲಿ ಚೂಪು ಮಾಡಿದರು. ಗಾಜು ಒಬ್ಬರು, ಸಾಫ್ಟ್‌ವೇರ್ ಇನ್ನೊಬ್ಬರು ಬೇರೆ ಬೇರೆ ಕೂತು ಮಾಡಿದರೆ ಇದು ಆಗದು. ಎರಡನ್ನೂ ಒಟ್ಟಿಗೇ ಯೋಚಿಸಬೇಕು.

ನಿಮ್ಮ ಕ್ಯಾಮೆರಾ ಸರಿಯಾದ ಮೇಲೆ ಎಲ್‌ಇಡಿಯನ್ನು ಬೇರೆ ಬೇರೆ ದೂರದಲ್ಲಿಟ್ಟು ಬಲೆಗಳನ್ನು ದಾಖಲಿಸಿ. ದೂರ ಬದಲಾದಂತೆ ಬಲೆ ಹಿಗ್ಗಿ ಕುಗ್ಗುತ್ತದೆ. ಅದರಿಂದ ಒಂದೇ ಕ್ಲಿಕ್ಕಿನಲ್ಲಿ ಆಳವನ್ನೂ ಲೆಕ್ಕ ಹಾಕಬಹುದು.