ದೇವನಹಳ್ಳಿಗೆ ಕಾರು ಬುಕ್ ಮಾಡುವ ಮುಂಚೆ ತಾರೀಖು ನೋಡಿ

ಮಂಡಕಳ್ಳಿಯಲ್ಲಿ ಮೈಸೂರಿಗೆ ಅಂತಲೇ ಒಂದು ವಿಮಾನ ನಿಲ್ದಾಣ ಇದೆ, ನಿಜ. ಆದರೆ ಅಲ್ಲಿಂದ ಹಾರುವ ವಿಮಾನಗಳು ಬೆರಳೆಣಿಕೆಯಷ್ಟು. ರಜೆಗೆ ದುಬೈ, ಸಿಂಗಾಪುರ ಅಂತ ಹೊರಟವರಷ್ಟೇ ಅಲ್ಲ, ಕಾಶಿ, ಕಾಶ್ಮೀರ ಅಂದವರೂ ಕೊನೆಗೆ ಸಾಮಾನ್ಯವಾಗಿ ಬೆಂಗಳೂರಿನ ಏರ್‌ಪೋರ್ಟ್ ಇರುವ ದೇವನಹಳ್ಳಿಗೇ ಹೋಗಬೇಕು. ಮೈಸೂರಿನಿಂದ ಸುಮಾರು 185 ಕಿ.ಮೀ. ಮಂಡ್ಯದಿಂದ ಹೊರಟರೆ ನಲವತ್ತೈದು ಕಿ.ಮೀ. ಕಡಿಮೆ. ಟಿಕೆಟ್, ವೀಸಾ, ಹೋಟೆಲ್ ಎಲ್ಲವನ್ನೂ ತಿಂಗಳುಗಟ್ಟಲೆ ಮುಂಚೆ ಮಾಡಿಟ್ಟುಕೊಳ್ಳುವ ಜನ ಕಾರನ್ನು ಮಾತ್ರ ಹಿಂದಿನ ದಿನ ಸಂಜೆ ಹುಡುಕುತ್ತಾರೆ. ಅಲ್ಲಿಂದ ಶುರು ಪರದಾಟ.

ಮೊದಲು, ಕಾರು ಬೇಕೇ ಬೇಕಾ ಯೋಚಿಸಿ. ಒಬ್ಬರೋ ಇಬ್ಬರೋ ಹೋಗುತ್ತಿದ್ದರೆ, ಕೈಯಲ್ಲಿ ಒಂದೊಂದೇ ಬ್ಯಾಗ್ ಇದ್ದರೆ ಕೆಎಸ್‌ಆರ್‌ಟಿಸಿಯ ಫ್ಲೈಬಸ್ ಸಾಕು. ಮೈಸೂರಿನಿಂದ ಸೀದಾ ಏರ್‌ಪೋರ್ಟಿಗೆ ಬಿಡುತ್ತದೆ. ವಯಸ್ಸಾದವರು, ಚಿಕ್ಕ ಮಕ್ಕಳು, ನಾಲ್ಕಾರು ಸೂಟ್‌ಕೇಸು ಇದ್ದರೆ ಮಾತ್ರ ಕಾರಿನ ಮಾತು.

ಯಾರ ಕಾರು?

ನನ್ನನ್ನು ಕೇಳಿದರೆ, ಅಕ್ಕಪಕ್ಕದವರು ಒಮ್ಮೆಯಾದರೂ ಕರೆದುಕೊಂಡು ಹೋಗಿರುವ ಊರಿನ ಡ್ರೈವರೇ ಸರಿ. ನೆಟ್‌ನಲ್ಲಿ ‘ಮೈಸೂರು ಏರ್‌ಪೋರ್ಟ್ ಟ್ಯಾಕ್ಸಿ’ ಅಂತ ಹುಡುಕಿದರೆ ಸಾಲುಸಾಲು ವೆಬ್‌ಸೈಟುಗಳು ಬರುತ್ತವೆ. ಎಷ್ಟೋ ಸೈಟುಗಳಿಗೆ ಸ್ವಂತದ ಒಂದು ಗಾಡಿಯೂ ಇರುವುದಿಲ್ಲ. ಅಡ್ವಾನ್ಸ್ ತೆಗೆದುಕೊಂಡು, ಹೊರಡುವುದಕ್ಕೆ ಒಂದು ಗಂಟೆ ಇದೆ ಅನ್ನುವಾಗ ಯಾರದೋ ನಂಬರ್ ಕಳಿಸುತ್ತಾರೆ. ಆ ಡ್ರೈವರಿಗೆ ಫೋನ್ ಮಾಡಿದರೆ, ‘ನಂಗೆ ಅವ್ರು ಹೇಳಿದ ರೇಟೇ ಬೇರೆ ಸಾರ್’ ಅನ್ನುತ್ತಾನೆ. ಬೇಡವೇ ಬೇಡ. ಯಾವ ಕಾರಣಕ್ಕೂ ಪೂರ್ತಿ ದುಡ್ಡು ಮುಂಚೆ ಕೊಡಬೇಡಿ.

ನಂಬರ್ ಬೋರ್ಡ್ ಹಳದಿ ಇರಲಿ. ಎಲೆಕ್ಟ್ರಿಕ್ ಗಾಡಿಯಾದರೆ ಹಸಿರು ಬೋರ್ಡಿನ ಮೇಲೆ ಹಳದಿ ಅಕ್ಷರ. ‘ನಮ್ಮ ಭಾವನ ಕಾರಿದೆ, ಐನೂರು ಕಡಿಮೆ ಕೊಡಿ’ ಅನ್ನುವ ಬಿಳಿ ಬೋರ್ಡಿನವರು ಎಲ್ಲ ಬಡಾವಣೆಯಲ್ಲೂ ಸಿಗುತ್ತಾರೆ. ಸ್ವಂತ ಬಳಕೆಯ ಕಾರನ್ನು ಬಾಡಿಗೆಗೆ ಓಡಿಸುವಂತಿಲ್ಲ. ದಾರಿಯಲ್ಲಿ ಆರ್‌ಟಿಒ ಹಿಡಿದರೆ ನಿಮ್ಮ ವಿಮಾನಕ್ಕಾಗಿ ಅವರು ಕಾಯುವುದಿಲ್ಲ. ಅಪಘಾತವಾದರೆ ಇನ್ಶೂರೆನ್ಸ್ ಕಂಪನಿ ಕೈ ಎತ್ತಬಹುದು. ಐನೂರು ರೂಪಾಯಿಗೆ ಇಷ್ಟೆಲ್ಲ ತಲೆನೋವು ಬೇಕಾ?

ಶನಿವಾರ, ಭಾನುವಾರ, ಮದುವೆ ಸೀಸನ್, ದಸರಾ ಇದ್ದರೆ ಹತ್ತು ಹದಿನೈದು ದಿನ ಮುಂಚೆ ಹೇಳಿಡಿ. ಬೇರೆ ದಿನಗಳಲ್ಲಿ ಮೂರ್ನಾಲ್ಕು ದಿನ ಸಾಕು.

ತಾರೀಖು ಮತ್ತು ಟೈಮು

ಜನ ಎಡವುವುದು ಇಲ್ಲೇ. ಹಾಗಾಗಿ ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ.

ವಿದೇಶದ ವಿಮಾನಗಳು ಬಹಳಷ್ಟು ಹೊರಡುವುದು ಮಧ್ಯರಾತ್ರಿಯಿಂದ ಬೆಳಗಿನ ಜಾವದೊಳಗೆ. ಟಿಕೆಟ್‌ನಲ್ಲಿ ‘ಭಾನುವಾರ 15, 02:10’ ಅಂತ ಇದೆ ಅಂದುಕೊಳ್ಳಿ. ನಮ್ಮ ಪಂಚಾಂಗದಲ್ಲಿ ದಿನ ಬದಲಾಗುವುದು ಸೂರ್ಯ ಹುಟ್ಟಿದ ಮೇಲೆ. ಬಾಯಿಮಾತಿನಲ್ಲೂ ನಾವು ಅದೇ ಲೆಕ್ಕ ಹಿಡಿಯುತ್ತೇವೆ. ರಾತ್ರಿ ಎರಡು ಗಂಟೆ ಅಂದರೆ ಹಿಂದಿನ ದಿನದ ರಾತ್ರಿ. ಆದರೆ ಟಿಕೆಟ್‌ನಲ್ಲಿ ದಿನ ಬದಲಾಗುವುದು ಹನ್ನೆರಡು ಹೊಡೆದ ತಕ್ಷಣ. ಎರಡೂ ಕಲಸಿಹೋಗಿ ‘ಭಾನುವಾರ ರಾತ್ರಿ ಎರಡಕ್ಕೆ ಫ್ಲೈಟು’ ಅಂತ ಡ್ರೈವರಿಗೆ ಹೇಳುತ್ತೀರಿ. ಪಾಪ, ಅವನು ಭಾನುವಾರ ಸಂಜೆ ಶ್ರದ್ಧೆಯಿಂದ ಮನೆ ಮುಂದೆ ಬಂದು ನಿಲ್ಲುತ್ತಾನೆ. ಅಷ್ಟೊತ್ತಿಗೆ ವಿಮಾನ ಹೋಗಿ ಹದಿನಾರು ಗಂಟೆ ಆಗಿರುತ್ತದೆ. ಇದು ತಮಾಷೆಗೆ ಹೇಳುತ್ತಿರುವುದಲ್ಲ. ಓದಿದವರು, ಫಾರಿನ್‌ಗೆ ಹೋಗಿ ಬಂದು ಅಭ್ಯಾಸ ಇರುವವರು ಕೂಡ ಹೀಗೆ ವಿಮಾನ ಕಳೆದುಕೊಂಡಿದ್ದಾರೆ.

ಆದ್ದರಿಂದ ಡ್ರೈವರಿಗೆ ವಿಮಾನದ ಟೈಮ್ ಹೇಳಲೇಬೇಡಿ. ಮನೆ ಬಿಡುವ ದಿನ, ಮನೆ ಬಿಡುವ ಹೊತ್ತು ಇಷ್ಟನ್ನೇ ಹೇಳಿ. ಅದನ್ನು ಹಿಂದಿನಿಂದ ಎಣಿಸಿ ತೆಗೆಯಬೇಕು.

ವಿಮಾನ 15ರ ಬೆಳಗಿನ ಜಾವ 2:10ಕ್ಕೆ. ವಿದೇಶಕ್ಕಾದರೆ ಮೂರು ಗಂಟೆ ಮುಂಚೆ ಟರ್ಮಿನಲ್‌ನಲ್ಲಿ ಇರಬೇಕು. ಅಂದರೆ 14ರ ರಾತ್ರಿ 11:10. ರಸ್ತೆಗೆ ಮೈಸೂರಿನಿಂದ ನಾಲ್ಕು ಗಂಟೆ ಇಟ್ಟುಕೊಳ್ಳಿ. ಸಂಜೆ 7:10 ಆಯಿತು. ಊಟ, ಕಾಫಿ, ಮಕ್ಕಳ ಶೌಚಕ್ಕೆ ಅರ್ಧ ಗಂಟೆ ಕಳೆಯಿರಿ. ಟೈರು ಪಂಕ್ಚರ್ರು, ಮಳೆ, ಜಾಮು ಅಂತ ಇನ್ನೊಂದು ಅರ್ಧ ಗಂಟೆಗಿಂತ ಸ್ವಲ್ಪ ಜಾಸ್ತಿ ಕಳೆಯಿರಿ. ಆರು ಗಂಟೆಗೆ ಬಂದು ನಿಂತಿತು. ‘14ನೇ ತಾರೀಖು, ಶನಿವಾರ, ಸಂಜೆ ಆರು ಗಂಟೆ, ಮನೆ ಬಾಗಿಲಿಗೆ’ ಅಂತ ಹೇಳಬೇಕು. ತಾರೀಖು, ವಾರ ಎರಡನ್ನೂ ಹೇಳಿ. ಒಂದು ತಪ್ಪಿದರೂ ಇನ್ನೊಂದು ಹಿಡಿದುಕೊಡುತ್ತದೆ.

ನಾಲ್ಕು ಗಂಟೆ ಯಾಕೆ, ಮೈಸೂರು–ಬೆಂಗಳೂರು ದಶಪಥ ಹೆದ್ದಾರಿ ಬಂದಿದೆಯಲ್ಲ ಅನ್ನುವವರು ಇದ್ದಾರೆ. 2023ರ ಮಾರ್ಚ್‌ನಲ್ಲಿ ರಸ್ತೆ ಉದ್ಘಾಟನೆ ಆದಾಗ ಮೈಸೂರು–ಬೆಂಗಳೂರು 75 ನಿಮಿಷ ಅಂತ ಪ್ರಚಾರ ಆಯಿತು. ಆ ಲೆಕ್ಕ ಕೆಂಗೇರಿ ಕಡೆಗೆ ಮುಗಿಯುತ್ತದೆ. ದೇವನಹಳ್ಳಿ ಬೆಂಗಳೂರಿನ ಇನ್ನೊಂದು ತುದಿ. ಕೆಂಗೇರಿಯಿಂದ ಆಚೆಗಿನ ಐವತ್ತು ಅರುವತ್ತು ಕಿ.ಮೀ. ಒಮ್ಮೊಮ್ಮೆ ಮೈಸೂರಿನಿಂದ ಕೆಂಗೇರಿಗೆ ಬಂದದ್ದಕ್ಕಿಂತ ಜಾಸ್ತಿ ಹೊತ್ತು ತಿನ್ನುತ್ತದೆ. ಭಾನುವಾರ ಸಂಜೆಯಾದರೆ ಬೆಂಗಳೂರಿನವರೆಲ್ಲ ಮೈಸೂರು ನೋಡಿ ವಾಪಸ್ ಹೊರಟಿರುತ್ತಾರೆ. ಆ ದಿನ ಇನ್ನೂ ಒಂದು ಗಂಟೆ ಸೇರಿಸಿ. ಜಂಬೂಸವಾರಿ ದಿನವಂತೂ ಅರಮನೆ ಸುತ್ತಮುತ್ತಲಿನ ರಸ್ತೆಗಳಲ್ಲಿ ಗಾಡಿ ಬಿಡುವುದಿಲ್ಲ. ಹೊರವರ್ತುಲ ರಸ್ತೆಯ ಕಡೆ ನೆಂಟರ ಮನೆಯಿದ್ದರೆ ಬೆಳಿಗ್ಗೆಯೇ ಅಲ್ಲಿಗೆ ಹೋಗಿ ಕೂತಿರಿ.

‘ಲೇಟಾದರೆ ಓಡಿಸುತ್ತಾನೆ ಬಿಡಿ’ ಅನ್ನುವುದೂ ನಡೆಯುವುದಿಲ್ಲ. ಈ ರಸ್ತೆಯಲ್ಲಿ ಕಾರಿಗೆ ಗಂಟೆಗೆ 100 ಕಿ.ಮೀ. ಮಿತಿ. ಉದ್ದಕ್ಕೂ ಕ್ಯಾಮೆರಾ ಹಾಕಿದ್ದಾರೆ. ದಂಡ ಬೀಳುವುದು ಡ್ರೈವರಿಗೆ, ಬೈಗುಳ ನಿಮಗೆ.

ಬಾಡಿಗೆ ಮಾತು

‘ಏರ್‌ಪೋರ್ಟಿಗೆ ಎಷ್ಟು?’ ಅಂತ ಕೇಳಿದರೆ ಸಿಗುವ ಉತ್ತರ ಅರ್ಧ ಮಾತ್ರ. ‘ಡ್ರಾಪಾ, ಪ್ಯಾಕೇಜಾ?’ ಅಂತ ನೀವೇ ಕೇಳಿ. ಡ್ರಾಪ್ ಅಂದರೆ ಬಿಟ್ಟು ಬರುವುದಕ್ಕೆ ಇಷ್ಟು ಅಂತ ಒಂದೇ ಮೊತ್ತ. ವಾಪಸ್ ಬರುವಾಗ ಬೇರೆ ಬಾಡಿಗೆ ಹುಡುಕಿಕೊಳ್ಳುವುದು ಡ್ರೈವರ್ ಪಾಡು. ಪ್ಯಾಕೇಜ್ ಅಂದರೆ ಹೋಗಿ ಬರುವ ಕಿ.ಮೀ. ಎಲ್ಲಾ ನಿಮ್ಮ ತಲೆಗೆ, ಅದರ ಮೇಲೆ ಬಾಟಾ (ಡ್ರೈವರಿನ ದಿನದ ಭತ್ಯೆ), ಟೋಲ್, ಪಾರ್ಕಿಂಗ್.

ಇಲ್ಲೂ ಮಧ್ಯರಾತ್ರಿ ಕೈ ಕೊಡುತ್ತದೆ. ಪ್ಯಾಕೇಜಿನಲ್ಲಿ ದಿನಕ್ಕೆ ಕನಿಷ್ಠ ಇಷ್ಟು ಕಿ.ಮೀ. ಅಂತ ಇರುತ್ತದೆ, ಹೆಚ್ಚಾಗಿ 250 ಅಥವಾ 300. ಹೋಗಿ ಬರುವುದು 370 ಕಿ.ಮೀ. ಲೆಕ್ಕಕ್ಕೆ ಅಂತ ಕಿ.ಮೀ.ಗೆ 14 ರೂಪಾಯಿ ಹಿಡಿಯೋಣ. 5,180 ರೂಪಾಯಿ ಆಗುತ್ತದೆ. ಆದರೆ ಗಾಡಿ ಸಂಜೆ ಆರಕ್ಕೆ ಹೊರಟು ಬೆಳಗಿನ ಜಾವ ಮೈಸೂರು ಸೇರಿತಲ್ಲ. ಕೆಲವರು ಇದನ್ನು ಎರಡು ದಿನ ಅಂತ ಹಿಡಿಯುತ್ತಾರೆ. ಆಗ 300ರ ಹಾಗೆ 600 ಕಿ.ಮೀ., 8,400 ರೂಪಾಯಿ. ಬಾಟಾ ಕೂಡ ಎರಡು ಸಲ. ಓಡಿದ ರಸ್ತೆ ಮಾತ್ರ ಅಷ್ಟೇ. ‘ಹನ್ನೆರಡು ದಾಟಿದರೆ ಎರಡು ದಿನ ಅಂತೀರಾ?’ ಈ ಒಂದು ಪ್ರಶ್ನೆ ಮೊದಲೇ ಕೇಳಿ. ಕಿ.ಮೀ. ಮನೆಯಿಂದ ಶುರುವೋ, ಅವರ ಗ್ಯಾರೇಜಿನಿಂದಲೋ ಅದನ್ನೂ ಕೇಳಿ. ಮಂಡ್ಯದವರು ಮೈಸೂರಿನ ಗಾಡಿ ಕರೆಸಿದರೆ ಈ ವ್ಯತ್ಯಾಸವೇ ಒಂದು ಕಡೆಗೆ ನಲವತ್ತೈದು ಕಿ.ಮೀ.

ನನ್ನ ಪ್ರಕಾರ ಡ್ರಾಪ್, ಅದೂ ‘ಟೋಲ್, ಬಾಟಾ ಎಲ್ಲಾ ಸೇರಿ’ ಅನ್ನುವ ಒಂದೇ ಮೊತ್ತ, ನೆಮ್ಮದಿ. ಇನ್ನೂರು ಮುನ್ನೂರು ಜಾಸ್ತಿ ಆದರೂ ಪರವಾಗಿಲ್ಲ. ಮಾತು ಮುಗಿದ ಮೇಲೆ ವಾಟ್ಸ್‌ಆ್ಯಪ್‌ನಲ್ಲಿ ಎರಡು ಸಾಲು ಹಾಕಿ:

‘14ನೇ ತಾರೀಖು ಶನಿವಾರ ಸಂಜೆ 6ಕ್ಕೆ ಕುವೆಂಪುನಗರದ ಮನೆಯಿಂದ ದೇವನಹಳ್ಳಿ ಏರ್‌ಪೋರ್ಟ್ ಟರ್ಮಿನಲ್ 2. ಡ್ರಾಪ್ ಮಾತ್ರ. ಟೋಲ್, ಬಾಟಾ ಎಲ್ಲಾ ಸೇರಿ ಇಷ್ಟು. ಐದು ಜನ, ನಾಲ್ಕು ದೊಡ್ಡ ಬ್ಯಾಗ್.’

ಅವರಿಂದ ‘ಓಕೆ ಸಾರ್’ ಬರುವ ತನಕ ಬುಕ್ ಆಯಿತು ಅಂದುಕೊಳ್ಳಬೇಡಿ.

ಡಿಕ್ಕಿ ತೆಗೆಸಿ ನೋಡಿ

ಸೆಡಾನ್ ಅಂದ ತಕ್ಷಣ ಹಿಂದೆ ದೊಡ್ಡ ಡಿಕ್ಕಿ ಅಂತ ಭಾವಿಸುತ್ತೇವೆ. ಬಾಡಿಗೆಗೆ ಓಡುವ ಸೆಡಾನ್‌ಗಳು ಬಹಳಷ್ಟು ಈಗ ಸಿಎನ್‌ಜಿ. ಡಿಕ್ಕಿಯ ಅರ್ಧ ಜಾಗದಲ್ಲಿ ಗ್ಯಾಸ್ ಸಿಲಿಂಡರ್ ಅಡ್ಡ ಮಲಗಿರುತ್ತದೆ. ಉಳಿದ ಜಾಗಕ್ಕೆ ಒಂದು ದೊಡ್ಡ ಸೂಟ್‌ಕೇಸ್ ಹಿಡಿದರೆ ಪುಣ್ಯ. ‘ಅಣ್ಣಾ, ಗ್ಯಾಸ್ ಗಾಡಿನಾ?’ ಅಂತ ಫೋನಿನಲ್ಲೇ ಕೇಳಿ. ‘ಹೂಂ ಸಾರ್, ಆದ್ರೆ ಮೇಲೆ ಕ್ಯಾರಿಯರ್ ಇದೆ’ ಅಂದರೆ ಟಾರ್ಪಾಲು, ಗಟ್ಟಿ ಹಗ್ಗ ಇದೆಯಾ ಅಂತ ಮುಂದಿನ ಪ್ರಶ್ನೆ. ಅಂಗಡಿಯಲ್ಲಿ ಸಿಗುವ ಬಣ್ಣಬಣ್ಣದ ರಬ್ಬರ್ ಹುಕ್ಕಿನ ಪಟ್ಟಿ ನಂಬಬೇಡಿ. ಗಾಳಿಗೆ ಸಡಿಲವಾಗುತ್ತದೆ, ಹುಕ್ಕು ಬಿಟ್ಟು ಬರುತ್ತದೆ. ನಾಲ್ಕು ಜನಕ್ಕಿಂತ ಜಾಸ್ತಿ ಇದ್ದರೆ ಇನ್ನೋವಾ ಥರದ ಗಾಡಿಯೇ ಹೇಳಿ. ಅದರಲ್ಲೂ ಕೊನೆಯ ಸಾಲಿನ ಸೀಟಿನಲ್ಲಿ ಜನ ಕೂತರೆ ಬ್ಯಾಗಿಗೆ ಜಾಗ ಕಡಿಮೆ.

ಹೊರಡುವ ದಿನ

ಬೆಳಿಗ್ಗೆ ಒಂದು ಫೋನ್ ಮಾಡಿ. ಗಾಡಿ ನಂಬರ್, ಬರುವ ಡ್ರೈವರ್ ಹೆಸರು ಕೇಳಿಕೊಳ್ಳಿ. ಕೊನೆ ಗಳಿಗೆಯಲ್ಲಿ ‘ನಮ್ಮ ಹುಡುಗನ್ನ ಕಳಿಸ್ತೀನಿ’ ಅನ್ನುವುದು ಮಾಮೂಲಿ. ಮನೆಯ ಲೊಕೇಶನ್ ಕಳಿಸಿದರೂ ಗುರುತು ಹೇಳಿ. ಮೈಸೂರಿನ ಬಡಾವಣೆಗಳಲ್ಲಿ ಮೇನ್, ಕ್ರಾಸ್, ಬ್ಲಾಕ್ ಎಲ್ಲಾ ಸೇರಿಕೊಂಡು ಮ್ಯಾಪ್ ಎಷ್ಟೋ ಸಲ ಹಿಂದಿನ ಬೀದಿಗೆ ತಂದು ನಿಲ್ಲಿಸುತ್ತದೆ. ಮಂಡ್ಯದವರಿಗೆ ಇನ್ನೊಂದು ಮಾತು. ಹೊಸ ಹೆದ್ದಾರಿ ಊರೊಳಗೆ ಬರುವುದಿಲ್ಲ, ಬೈಪಾಸಿನಲ್ಲಿ ಹೋಗಿಬಿಡುತ್ತದೆ. ‘ಹೈವೇಲಿ ನಿಂತಿರ್ತೀವಿ’ ಅನ್ನಬೇಡಿ, ಅಲ್ಲಿ ಗಾಡಿ ನಿಲ್ಲಿಸುವಂತಿಲ್ಲ. ಊರೊಳಗಿನ ಹಳೇ ರಸ್ತೆಯ ಜಾಗ ಹೇಳಿ.

ಫೋನಿನಲ್ಲಿ ತಪ್ಪದೆ ಕೇಳಬೇಕಾದ್ದು ಇದು: ‘ಹಿಂದಿನ ರಾತ್ರಿ ಗಾಡಿ ಓಡಿಸಿದ್ರಾ ಅಣ್ಣಾ? ಮಲಗಿದ್ರಾ?’ ಮುಜುಗರ ಬೇಡ. ರಾತ್ರಿಯೆಲ್ಲ ಊಟಿಗೋ ಧರ್ಮಸ್ಥಳಕ್ಕೋ ಹೋಗಿ ಬಂದವನು ದುಡ್ಡಿನ ಆಸೆಗೆ ನಿಮ್ಮ ಬಾಡಿಗೆಯನ್ನೂ ಒಪ್ಪಿಕೊಂಡಿರಬಹುದು. ಹಾಗಿದ್ದರೆ ಬೇರೆ ಡ್ರೈವರ್ ಕಳಿಸಿ ಅಂತ ನೇರವಾಗಿ ಹೇಳಿ. ಹೊರಟ ಮೇಲೂ ಮುಂದಿನ ಸೀಟಿನಲ್ಲಿ ಎಚ್ಚರವಾಗಿ ಮಾತಾಡುವವರು ಒಬ್ಬರು ಕೂರಲಿ.

ದಾರಿ ಯಾವುದು ಅನ್ನುವುದನ್ನು ಡ್ರೈವರಿಗೆ ಬಿಡಿ. ಸಂಜೆ ಹೊತ್ತಿನಲ್ಲಿ ಬೆಂಗಳೂರಿನ ಹೊರಗೆ ಸುತ್ತುವ ನೈಸ್ ರಸ್ತೆ ಹಿಡಿದು ತುಮಕೂರು ರಸ್ತೆ ಕಡೆಯಿಂದ ಹೋಗುವುದು ಹೆಚ್ಚಿನವರಿಗೆ ಇಷ್ಟ. ಟೋಲ್ ಬೇರೆ, ಆದರೆ ಊರೊಳಗಿನ ಸಿಗ್ನಲ್ ತಪ್ಪುತ್ತದೆ. ಕಾವೇರಿ ವಿಷಯಕ್ಕೆ ಮಂಡ್ಯದಲ್ಲಿ ರಸ್ತೆ ತಡೆ ಇದೆ ಅಂದರೆ ಮೈಸೂರಿನವರು ಬನ್ನೂರು, ಮಳವಳ್ಳಿ, ಕನಕಪುರದ ಮೇಲೆ ಹೋಗಬಹುದು. ಆ ದಿನ ಎರಡು ಗಂಟೆ ಮುಂಚೆ ಹೊರಡಿ. ಮದ್ದೂರು ವಡೆ, ಬಿಡದಿ ತಟ್ಟೆ ಇಡ್ಲಿ ಆಸೆ ಇದ್ದರೆ ಹೆದ್ದಾರಿ ಬಿಟ್ಟು ಹಳೇ ರಸ್ತೆಗೆ ಇಳಿಯಬೇಕು, ಮತ್ತೆ ಹತ್ತಬೇಕು. ಅರ್ಧ ಗಂಟೆ ಹೋಗುತ್ತದೆ. ವಡೆ ಕಟ್ಟಿಸಿಕೊಂಡು ಹೋಗುವುದು ವಾಪಸ್ ಬರುವಾಗ ಆಗಲಿ.

ಟರ್ಮಿನಲ್ ಯಾವುದು ಅಂತ ಟಿಕೆಟ್ ನೋಡಿ. ವಿದೇಶದ್ದು 2023ರ ಸೆಪ್ಟೆಂಬರ್‌ನಿಂದ ಟರ್ಮಿನಲ್ 2ರಲ್ಲಿ. ದೇಶದೊಳಗಿನದು ಕಂಪನಿ ಮೇಲೆ ಹೋಗುತ್ತದೆ.

ವಾಪಸ್ ಬರುವಾಗ

ಇಲ್ಲಿ ಲೆಕ್ಕ ತಿರುಗಾಮುರುಗಾ. ಹೋಗುವಾಗ ಹೇಳಬೇಡಿ ಅಂದ ವಿಮಾನದ ವಿವರವನ್ನು ಈಗ ಕೊಡಲೇಬೇಕು. ಫ್ಲೈಟ್ ನಂಬರ್ ಕೊಟ್ಟರೆ ಡ್ರೈವರ್ ಫೋನಿನಲ್ಲೇ ತಡ ಆಗಿದೆಯಾ ನೋಡಿಕೊಳ್ಳುತ್ತಾನೆ. ವಿಮಾನ ಇಳಿದ ಮೇಲೆ ಇಮಿಗ್ರೇಷನ್, ಬ್ಯಾಗೇಜು ಅಂತ ಒಂದೂವರೆ ಗಂಟೆ ಹಿಡಿಯಬಹುದು. ಎಷ್ಟು ಹೊತ್ತಿನವರೆಗೆ ಕಾಯುವುದಕ್ಕೆ ಚಾರ್ಜ್ ಇಲ್ಲ, ಪಾರ್ಕಿಂಗ್ ಯಾರು ಕೊಡಬೇಕು, ಬುಕ್ ಮಾಡುವಾಗಲೇ ಮಾತಾಡಿ.

ಬಾಡಿಗೆ ಗಾಡಿ ಟರ್ಮಿನಲ್ ಬಾಗಿಲಲ್ಲಿ ಕಾದು ನಿಲ್ಲುವಂತಿಲ್ಲ, ಪಾರ್ಕಿಂಗ್‌ನಲ್ಲಿ ಇರುತ್ತದೆ. ಇಳಿದ ತಕ್ಷಣ ‘ಬಂದುಬಿಟ್ಟೆ’ ಅಂತ ಫೋನ್ ಮಾಡಬೇಡಿ. ಕೊನೆಯ ಬ್ಯಾಗ್ ಟ್ರಾಲಿ ಮೇಲೆ ಬಂದ ಮೇಲೆ ಮಾಡಿ. ಎಲ್ಲಿಗೆ ಬರಬೇಕು, ಯಾವ ಗೇಟು ಅಂತ ಕೇಳಿಕೊಂಡು ಹೊರಗೆ ಬನ್ನಿ. ಫಾರಿನ್ ಸಿಮ್ ಇರುವ ನೆಂಟರು ಬರುತ್ತಿದ್ದರೆ ಡ್ರೈವರ್ ನಂಬರನ್ನು ಕಾಗದದಲ್ಲಿ ಬರೆದಿಟ್ಟುಕೊಳ್ಳಲು ಹೇಳಿ, ಯಾರದಾದರೂ ಫೋನ್ ಇಸಿದುಕೊಂಡು ಮಾಡಬಹುದು. ಹೊರಗೆ ‘ಮೈಸೂರ್ ಮೈಸೂರ್’ ಅಂತ ಅಡ್ಡ ಬರುವವರ ಜೊತೆ ಮಾತಿಗೆ ನಿಲ್ಲಬೇಡಿ.

ಬಿಡುವುದಕ್ಕೂ ಕರೆತರುವುದಕ್ಕೂ ಒಂದೇ ಗಾಡಿ ಅಂತಾದರೆ ಎರಡನ್ನೂ ಬೇರೆ ಬೇರೆ ಬಾಡಿಗೆಯಾಗಿಯೇ ಮಾತಾಡಿ. ಪ್ಯಾಕೇಜಿನಲ್ಲಿ ಬಂದಿದ್ದರೆ ಮನೆ ಮುಂದೆ ಇಳಿದಾಗ ಮೀಟರ್ ಫೋಟೋ ತೆಗೆದುಕೊಳ್ಳಿ, ಹೊರಡುವಾಗಲೂ ಒಂದು ತೆಗೆದಿರಬೇಕು. ರಾಷ್ಟ್ರೀಯ ಹೆದ್ದಾರಿಯಲ್ಲಿ 24 ಗಂಟೆಯೊಳಗೆ ವಾಪಸ್ ಬಂದರೆ ಎರಡೂ ಕಡೆ ಸೇರಿ ಒಂದು ಕಡೆಯ ಟೋಲ್‌ನ ಒಂದೂವರೆ ಪಟ್ಟು ಮಾತ್ರ ಹಿಡಿಯುತ್ತಾರೆ. ಎರಡು ಪೂರ್ತಿ ಟೋಲ್ ಕೇಳಿದರೆ ಫಾಸ್ಟ್ಯಾಗ್ ಮೆಸೇಜ್ ತೋರಿಸಿ ಅನ್ನಿ. ದುಡ್ಡು ಕೊಡುವ ಮುಂಚೆ ಸೀಟಿನ ಸಂದು, ಹಿಂದಿನ ಪಾಕೆಟ್ಟು ಒಮ್ಮೆ ಕೈ ಹಾಕಿ ನೋಡಿ. ಪಾಸ್‌ಪೋರ್ಟ್ ಸಿಕ್ಕಿಕೊಂಡಿರುವುದು ಅಲ್ಲೇ.